ಕರು ಹಾಕೋ ಟೈಮಲ್ಲಿ ಗರ್ಭದ ಬಾಯಿ ಬಿಡದಿದ್ರೆ? ಪಶುವೈದ್ಯರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಹೋದ ವಾರ ಗ್ರೂಪಲ್ಲಿ ಮೂರ್ನಾಲ್ಕು ಜನ ಹಸು ಕರು ಹಾಕೋಕಾಗ್ದೆ ಒದ್ದಾಡಿದ್ದು ಹಾಕಿದ್ರಿ, ಅದಕ್ಕೇ ಇವತ್ತು ಸಂಜೆ 7ರಿಂದ ಡಾಕ್ಟರ್ ಮೇಡಂ ಇರ್ತಾರೆ. ಪ್ರಾಣಿ ಯಾವುದು, ಎಷ್ಟನೇ ಸೂಲು, ಕ್ರಾಸ್ ಮಾಡಿಸಿದ ತಾರೀಖು, ಈಗಾಗ್ಲೇ ಏನ್ ಕೊಟ್ಟಿದೀರಿ, ಇಷ್ಟು ಬರೆದು ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕ್ಬೇಡಿ.

ಡಾಕ್ಟರ್ ಮೇಡಂ: ನಮಸ್ಕಾರ. ಒಂದ್ ಮಾತು ಮೊದ್ಲೇ ಹೇಳ್ಬಿಡ್ತೀನಿ. ನೀವು ಗರ್ಭದ ಬಾಯಿ ಅಂತೀರಲ್ಲ, ಸರ್ವಿಕ್ಸ್, ಹಸುವಲ್ಲಿ ಅದು ಮೂರ್ನಾಲ್ಕು ಗಟ್ಟಿ ಉಂಗುರ ಇರೋ ಕೊಳವೆ, ತುಂಬಾ ಕೊಲಾಜೆನ್ ನಾರು. ಗಬ್ಬ ಇರೋಷ್ಟು ದಿನ ಮುಚ್ಕೊಂಡು, ಮಧ್ಯೆ ಅಂಟು ಲೋಳೆ ತುಂಬ್ಕೊಂಡು ಕರುನ ಕಾಯುತ್ತೆ. ದಿನ ತುಂಬ್ತಾ ಬಂದಾಗ ಗಬ್ಬ ಕಾಯೋ ಹಾರ್ಮೋನ್ ಪ್ರೊಜೆಸ್ಟೆರಾನ್ ಇಳಿದು, ಕರು ಹಾಕೋಕೆ ಮೈ ತಯಾರು ಮಾಡೋ ಹಾರ್ಮೋನ್ ಈಸ್ಟ್ರೋಜೆನ್ ಏರಿ, ಪ್ರೊಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕ ತಯಾರಾಗಿ, ಆ ನಾರು ಸಡಿಲ ಆಗುತ್ತೆ, ನೀರು ಹಿಡ್ಕೊಂಡು ಮೆತ್ತಗಾಗುತ್ತೆ. ಮೆತ್ತಗಾದ್ಮೇಲೇ ಅಗಲ ಆಗೋದು. ಮೆತ್ತಗಾಗದೇ ಇರೋ ಬಾಯಿನ ಕೈಲಾಗ್ಲಿ ಇಂಜೆಕ್ಷನ್‌ನಲ್ಲಾಗ್ಲಿ ಬಲವಂತ ಮಾಡಿದ್ರೆ ಹರಿಯುತ್ತೆ. ಇನ್ನು ಕೇಳಿ.

ಚನ್ನರಾಯಪಟ್ಟಣ ಡೈರಿ: ಮೇಡಂ ಎಚ್‌ಎಫ್ ಕ್ರಾಸ್, ಮೊದಲ್ನೇ ಸೂಲು, ಇವತ್ತಿಗೆ 278 ದಿನ. ಕೆಚ್ಚಲು ಬಿಟ್ಟಿದೆ ನೋವು ಬಂದಿಲ್ಲ. ಪ್ರೊಸ್ಟಗ್ಲಾಂಡಿನ್ 2 ಮಿಲಿ ಹಾಕಿಸ್ಬಿಡು ನಾಳೆ ಕರು ಹಾಕುತ್ತೆ ಅಂದ್ರು ಒಬ್ರು, ಹಾಕಿಸ್ಲಾ?

ಡಾಕ್ಟರ್ ಮೇಡಂ: ಬೇಡ. ಸರಾಸರಿ 280 ದಿನ, ಹತ್ತು ದಿನ ಆಚೆ ಈಚೆ ಮಾಮೂಲು. ಬಾಲದ ಬುಡ ಎರಡೂ ಕಡೆ ಕುಳಿ ಬಿದ್ದು ಮೆತ್ತಗಾಗಿದ್ಯಾ ದಿನಾ ಮುಟ್ಟಿ ನೋಡಿ.

ಶಿರಾ ಕುರಿಮಂದೆ: ಮೇಡಂ ನಮ್ದು ಕುರಿ, ಮೂರನೇ ಸೂಲು, ಬೆಳಿಗ್ಗೆಯಿಂದ ತಿಣುಕ್ತಾ ಇದೆ, ಪೊರೆ ಸ್ವಲ್ಪ ಆಚೆ ಬಂದಿದೆ. ಗ್ಲೌಸ್ ಹಾಕಿ ಬೆರಳಿಟ್ಟು ನೋಡ್ದೆ, ಎರಡು ಬೆರಳು ಅಷ್ಟೇ ಹೋಗ್ತದೆ, ಸುತ್ತ ಬಳೆ ತರ ಗಟ್ಟಿ. ಏನೂ ಕೊಟ್ಟಿಲ್ಲ.

ಡಾಕ್ಟರ್ ಮೇಡಂ: ಏನೂ ಕೊಡದೆ ಕೇಳಿದ್ದಕ್ಕೆ ಥ್ಯಾಂಕ್ಸ್. ಇದಕ್ಕೆ ರಿಂಗ್‌ವೂಂಬ್ ಅಂತಾರೆ, ಕುರೀಲಿ ಜಾಸ್ತಿ. ಮೇಲಿಂದ ನೋವು ಬಂದಿದೆ, ಬಾಯಿ ಮಾತ್ರ ಮೆತ್ತಗಾಗಿಲ್ಲ. ಕೆಲವು ಸಲ ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದೂ ಹಿಂಗಾಗುತ್ತೆ, ಡಾಕ್ಟರ್ ಹತ್ರ ಕ್ಯಾಲ್ಸಿಯಂ ಹಾಕಿಸಿ ಸ್ವಲ್ಪ ಹೊತ್ತು ಕಾದ್ರೆ ಬಿಡೋದುಂಟು, ಮರಿ ಅಡ್ಡ ಇದ್ಯಾ ನೋಡೋಕೂ ಅವರೇ ಬೇಕು. ನಿಜವಾದ ರಿಂಗ್‌ವೂಂಬ್ ಆಗಿದ್ರೆ ಇಂಜೆಕ್ಷನ್‌ಗೆ ಅಷ್ಟಾಗಿ ಬಗ್ಗಲ್ಲ, ಆಪರೇಷನ್ನೇ ಸೇಫ್. ಬೆರಳಿಂದ ಎಳೆದು ಅಗಲ ಮಾಡೋಕೆ ಹೋಗ್ಬೇಡಿ. ಈಗ್ಲೇ ಹೊರಡಿ, ಪೊರೆ ಬಂದು ಬೆಳಿಗ್ಗೆಯಿಂದ ಅಂದ್ರೆ ಟೈಮಿಲ್ಲ.

ಶಿರಾ ಕುರಿಮಂದೆ: ಹೊರಟ್ವಿ ಮೇಡಂ.

ಪಶು ಡಿಪ್ಲೊಮಾ ವಿದ್ಯಾರ್ಥಿ: ಮೇಡಂ ಪ್ರೊಸ್ಟಗ್ಲಾಂಡಿನ್ ಹಾರ್ಮೋನಾ ಅಲ್ವಾ? ಒಂದೊಂದು ಕಡೆ ಒಂದೊಂದು ತರ ಬರೆದಿರ್ತಾರೆ. ರಿಲ್ಯಾಕ್ಸಿನ್ ಬಗ್ಗೆನೂ ಹೇಳಿ.

ಡಾಕ್ಟರ್ ಮೇಡಂ: ಒಳ್ಳೇ ಪ್ರಶ್ನೆ. ಹಾರ್ಮೋನ್ ಅಂದ್ರೆ ಒಂದು ಗ್ರಂಥಿಯಲ್ಲಿ ಹುಟ್ಟಿ ರಕ್ತದಲ್ಲಿ ದೂರ ಹೋಗಿ ಕೆಲಸ ಮಾಡೋದು. ಪ್ರೊಸ್ಟಗ್ಲಾಂಡಿನ್ ಹಂಗಲ್ಲ, ಎಲ್ಲಿ ಬೇಕೋ ಅಲ್ಲೇ ಅಂಗಾಂಶದಲ್ಲೇ ತಯಾರಾಗುತ್ತೆ, ರಕ್ತಕ್ಕೆ ಸೇರಿದ್ದು ಶ್ವಾಸಕೋಶ ಒಂದ್ ಸುತ್ತು ದಾಟೋದ್ರೊಳಗೆ ಬಹುಪಾಲು ನಾಶ. ಅದಕ್ಕೇ ಹಾರ್ಮೋನ್ ತರದ್ದು ಅಂತಾರೆ. ಹಸು ಕುರೀಲಿ ಗರ್ಭಕೋಶದ ಸಿರೆಯಿಂದ ಪಕ್ಕದಲ್ಲೇ ಸುತ್ಕೊಂಡಿರೋ ಅಂಡಾಶಯದ ಅಪಧಮನಿಗೆ ನೇರವಾಗಿ ದಾಟುತ್ತೆ, ಶ್ವಾಸಕೋಶ ಸುತ್ತಿ ಬರೋ ಹಾಗೇ ಇಲ್ಲ. ಈ ವಿಷ್ಯದ ಮೇಲಿನ ಕೆಲಸಕ್ಕೆ 1982ರಲ್ಲಿ ಮೂವರಿಗೆ ನೊಬೆಲ್ ಬಂತು, ಬರ್ಗ್‌ಸ್ಟ್ರೋಮ್, ಸ್ಯಾಮುಯೆಲ್ಸನ್, ವೇನ್.

ಇನ್ನೊಂದು, ಅದ್ರಲ್ಲಿ ಬಗೆಗಳಿವೆ. ನೀವು ಅಂಗಡೀಲಿ ನೋಡೋ ಕ್ಲೋಪ್ರೊಸ್ಟೆನಾಲ್ ಎಫ್ ಬಗೆ, ಅದರ ಮುಖ್ಯ ಕೆಲಸ ಅಂಡಾಶಯದ ಮೇಲಿರೋ, ಪ್ರೊಜೆಸ್ಟೆರಾನ್ ತಯಾರಿಸೋ ಕಾರ್ಪಸ್ ಲೂಟಿಯಂ ಅನ್ನೋ ಗಂಟು ಕರಗಿಸಿ ಪ್ರೊಜೆಸ್ಟೆರಾನ್ ಇಳಿಸೋದು. ಸರ್ವಿಕ್ಸ್ ನಾರು ಸಡಿಲ ಮಾಡೋದ್ರಲ್ಲಿ ಇ2 ಬಗೆಯದೇ ಹೆಚ್ಚು ಕೈವಾಡ. ಅಲ್ಲಿಗೆ ಬಿಳಿ ರಕ್ತಕಣ ಬರ್ತವೆ, ಕೊಲಾಜೆನ್ ಕತ್ತರಿಸೋ ಕಿಣ್ವ ಬಿಡ್ತವೆ, ಹೈಯಾಲುರಾನಿಕ್ ಆಮ್ಲ ಏರಿ ನೀರು ಹಿಡಿಯುತ್ತೆ. ಅಂದ್ರೆ ಎಫ್ ಇಂಜೆಕ್ಷನ್ ಹಾಕಿದ ಕ್ಷಣ ಬಾಯಿ ತೆಗೆಯುತ್ತೆ ಅನ್ನೋದು ಸುಳ್ಳು, ಅದು ಸರಪಳಿ ಶುರು ಮಾಡುತ್ತೆ ಅಷ್ಟೇ. ರಿಲ್ಯಾಕ್ಸಿನ್ ಅನ್ನೋ ಹಾರ್ಮೋನನ್ನ 1926ರಲ್ಲಿ ಹಿಸಾ ಅನ್ನೋರು ಗಿನಿಪಿಗ್‌ನಲ್ಲಿ ತೋರಿಸಿದ್ರು, ಹಂದೀಲಿ ಸರ್ವಿಕ್ಸ್ ಮೆತ್ತಗಾಗೋಕೆ ಅದು ಬಹಳ ಮುಖ್ಯ. ಕುರೀಲಿ ಆ ಜೀನೇ ಕೆಲಸ ಮಾಡಲ್ಲ. ಒಂದ್ ಪ್ರಾಣೀದು ಓದಿ ಇನ್ನೊಂದಕ್ಕೆ ಹಚ್ಚೋಕಾಗಲ್ಲ ಅನ್ನೋದು ಅದಕ್ಕೇ.

ಲಕ್ಷ್ಮೇಶ್ವರ ಎಮ್ಮಿ ಮನಿ: ಮೇಡಂ ನಮಸ್ಕಾರ್ರಿ. ನಮ್ಮ ಎಮ್ಮಿ ದಿನಾ ತುಂಬ್ಯಾವ್ರಿ, ಹತ್ತ ತಿಂಗಳ ಮ್ಯಾಲ ಹತ್ತ ದಿನಾ ಆತು, ನಾಕನೇ ಸೂಲು. ನಿನ್ನೆ ಮಧ್ಯಾಹ್ನದಿಂದ ಏಳೋದು ಮಲಗೋದು ಮಾಡಾಕತ್ತೈತಿ, ಹೊಳ್ಳಿ ಹೊಳ್ಳಿ ಹೊಟ್ಟಿ ನೋಡಕೊಂತೈತಿ, ಮೇವು ಬಿಟ್ಟೈತ್ರಿ. ರಾತ್ರಿ ಸ್ವಲ್ಪ ತಿಣಕಿ ಆಮ್ಯಾಲ ಸುಮ್ನಾತು. ನೀರಚೀಲ ಕಂಡೇ ಇಲ್ರಿ. ಊರಾಗ ಒಬ್ರು ಇಂಜೆಕ್ಷನ್ ಮಾಡ್ತಾರ್ರಿ, ಮುಂಜಾನೆ ಬಂದು ಬಾಯಿ ಬಿಟ್ಟಿಲ್ಲ ಅಂತ ಎರಡು ಮಾಡಿ ಹ್ವಾದ್ರು, ಸಂಜಿಮುಂದ ಇನ್ನೊಂದು ಮಾಡ್ತೇನಿ ಅಂದಾರ.

ಡಾಕ್ಟರ್ ಮೇಡಂ: ಮೂರನೇದು ಮಾಡಿಸ್ಬೇಡಿ. ಯಾವ ಇಂಜೆಕ್ಷನ್? ಖಾಲಿ ಬಾಟ್ಲಿ ಇದ್ರೆ ಹೆಸರು ಓದಿ ಹಾಕಿ.

ಹಾಸನ ಹೈನು: ಮೇಡಂ ನಮ್ ಹಸು ಕರು ಹಾಕಿ 6 ಗಂಟೆ ಆಯ್ತು, ಸತ್ತೆ (ಮಾಸು) ಬಿದ್ದಿಲ್ಲ.

ಡಾಕ್ಟರ್ ಮೇಡಂ: 12 ಗಂಟೆ ಕಾಯಿರಿ. ಎಳೀಬೇಡಿ, ಕಲ್ಲು ಕಟ್ಬೇಡಿ.

ಸದಸ್ಯ 41: *ಎಲ್ಲರಿಗೂ ತಲುಪಿಸಿ* ಹಸು ಎಮ್ಮೆ ಕರು ಹಾಕಲು ತೊಂದರೆಯೇ? ಬಿದಿರೆಲೆ 2 ಹಿಡಿ, ಹರಳೆಣ್ಣೆ ಕಾಲು ಲೀಟರ್, ಹಳೇ ಬೆಲ್ಲ ಅರ್ಧ ಕೆಜಿ ಕಷಾಯ ಮಾಡಿ ಗೊಟ್ಟದಲ್ಲಿ ಕುಡಿಸಿ. 1 ಗಂಟೆಯಲ್ಲಿ ಗರ್ಭದ ಬಾಯಿ ತೆರೆಯುತ್ತದೆ. ಡಾಕ್ಟರ್ ಬೇಕಿಲ್ಲ.

ಡಾಕ್ಟರ್ ಮೇಡಂ: ಫಾರ್ವರ್ಡ್ ಬೇಡ ಅಂತ ಮೇಲೇ ಬರೆದಿದ್ದಾರೆ. ನೋವಲ್ಲಿರೋ ಪ್ರಾಣಿ ತಲೆ ಎತ್ತಿ ಹಿಡಿದು ಗೊಟ್ಟದಲ್ಲಿ ಹುಯ್ದ್ರೆ ಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತೆ, ನ್ಯುಮೋನಿಯಾ ಆಗಿ ಸಾಯುತ್ತೆ. ಹಂಗೆ ಸತ್ತಿದ್ದು ನೋಡಿದೀನಿ. ಯಾರೂ ಮಾಡ್ಬೇಡಿ.

ಮೂಡಿಗೆರೆ ಗಿಡ್ಡ: ಬಿದಿರೆಲೆ ನಮ್ ಅಜ್ಜಿ ಕಾಲದಿಂದ ಕೊಡ್ತಿದ್ರು, ಆಗ ಯಾವ ಹಸುನೂ ಸಾಯ್ತಿರ್ಲಿಲ್ಲ.

ಚನ್ನರಾಯಪಟ್ಟಣ ಡೈರಿ: ಸಾಯ್ತಿದ್ವು ಸಾರ್, ಲೆಕ್ಕ ಇಡ್ತಿರ್ಲಿಲ್ಲ.

ಮೂಡಿಗೆರೆ ಗಿಡ್ಡ: ಮಲೆನಾಡು ಗಿಡ್ಡ ಹಸುಗೆ ಈ ತೊಂದ್ರೆನೇ ಇಲ್ಲ, ಹಿತ್ಲಲ್ಲಿ ಹೋಗಿ ಕರು ಹಾಕ್ಕೊಂಡು ಬರುತ್ತೆ. ಎಚ್‌ಎಫ್ ತಂದು ಹಾಕಿದ್ಮೇಲೇ ಡಾಕ್ಟ್ರು, ಹಾರ್ಮೋನು, ಆಪರೇಷನ್ ಎಲ್ಲಾ ಬಂದಿದ್ದು. ಗಿಡ್ಡಕ್ಕೇ ಎಚ್‌ಎಫ್ ಸೆಮೆನ್ ಹಾಕ್ತಾರಲ್ಲ ಅವರನ್ನ ಕೇಳಿ.

ಡಾಕ್ಟರ್ ಮೇಡಂ: ಗಿಡ್ಡಕ್ಕೆ ಎಚ್‌ಎಫ್ ಹಾಕಿದ್ರೆ ಕರು ದೊಡ್ಡದಾಗಿ ಸೊಂಟದ ಮೂಳೇಲಿ ಸಿಕ್ಕಿಹಾಕ್ಕೊಳ್ಳುತ್ತೆ, ಅದು ನಿಜ, ಹಾಕಿಸ್ಬೇಡಿ. ಅದು ಬೇರೆ, ಬಾಯಿ ಬಿಡದೇ ಇರೋದು ಬೇರೆ. ಲಕ್ಷ್ಮೇಶ್ವರದವರೇ ಬಾಟ್ಲಿ ಸಿಕ್ತಾ?

ಲಕ್ಷ್ಮೇಶ್ವರ ಎಮ್ಮಿ ಮನಿ: ಸಿಕ್ತ್ರಿ ಮೇಡಂ. ಒಂದರ ಮ್ಯಾಲ ಆಕ್ಸಿಟೋಸಿನ್ ಅಂತೈತಿ, 5 ಮಿಲಿ ಮಾಡ್ಯಾರ. ಇನ್ನೊಂದರ ಚೀಟಿ ಹರದೈತ್ರಿ.

ಡಾಕ್ಟರ್ ಮೇಡಂ: ಸರಿ, ಈಗ ಪೂರ್ತಿ ಓದಿ, ಮನೇಲಿರೋರಿಗೂ ಓದಿ ಹೇಳಿ. ನೀವು ಬರೆದಿದ್ದು ನೋಡಿದ್ರೆ ನನಗೆ ಮೊದ್ಲು ಬರೋ ಅನುಮಾನ ಗರ್ಭಕೋಶ ತಿರುಚಿಕೊಂಡಿದೆ ಅಂತ, ಟಾರ್ಷನ್. ದಿನ ತುಂಬಿದ ಎಮ್ಮೆ, ಹೊಟ್ಟೆನೋವಿನ ತರ ಏಳೋದು ಮಲಗೋದು, ತಿಣುಕಿ ಸುಮ್ಮನಾಗೋದು, ನೀರುಚೀಲ ಕಾಣದೇ ಇರೋದು, ಎಮ್ಮೇಲಿ ಇಷ್ಟು ಇದ್ರೆ ಅಲ್ಲ ಅಂತ ಕೈ ಹಾಕಿ ತೋರಿಸೋವರೆಗೆ ನಾನು ಟಾರ್ಷನ್ ಅಂತಲೇ ನೋಡ್ತೀನಿ. ಎಮ್ಮೇಲಿ ಹೆಚ್ಚಾಗಿ ಬಲಕ್ಕೆ ತಿರುಗುತ್ತೆ, ತಿರುವು ಸರ್ವಿಕ್ಸ್‌ನ ಹಿಂದೆ ಯೋನಿ ಕಡೆಗೇ ಇರುತ್ತೆ. ಕೈ ಹಾಕಿದವರಿಗೆ ದಾರಿ ಕಿರಿದಾಗ್ತಾ ಮಡಿಕೆ ಮಡಿಕೆಯಾಗಿ ಸುರುಳಿ ಸಿಗುತ್ತೆ, ಕೈ ಸರ್ವಿಕ್ಸ್ ಮುಟ್ಟೋದೇ ಇಲ್ಲ, ಗೊತ್ತಿಲ್ಲದೋರು ಅದನ್ನೇ ಬಾಯಿ ಬಿಟ್ಟಿಲ್ಲ ಅಂತಾರೆ. ಅಲ್ಲಿಗೆ ಆಕ್ಸಿಟೋಸಿನ್ ಹಾಕಿದ್ರೆ ಏನಾಗುತ್ತೆ? ಬಾಯಿ ಹೊಲಿದಿರೋ ಮೂಟೇನ ಹಿಂದಿಂದ ತುಳಿದ್ರೆ ಬಾಯಿ ಬಿಚ್ಚಲ್ಲ, ಮೂಟೆ ಹರಿಯುತ್ತೆ. ಆಕ್ಸಿಟೋಸಿನ್ ತಳ್ಳೋ ಔಷಧಿ, ಮೆತ್ತಗೆ ಮಾಡೋದಲ್ಲ.

ಇದಕ್ಕೆ ಚಿಕಿತ್ಸೆ ಹೊರಳಿಸೋದು. ಯಾವ ಕಡೆ ತಿರುಗಿದೆಯೋ ಆ ಮಗ್ಗುಲಿಗೆ ಮಲಗಿಸಿ, ಹೊಟ್ಟೆ ಮೇಲೆ ಹಲಗೆ ಇಟ್ಟು ಒಬ್ರು ಒತ್ತಿ ನಿಂತು, ಉಳಿದವರು ಅದೇ ದಿಕ್ಕಿಗೆ ಎಮ್ಮೇನ ಹೊರಳಿಸ್ತಾರೆ, ಗರ್ಭಕೋಶ ಅಲ್ಲೇ ನಿಲ್ಲುತ್ತೆ ಮೈ ತಿರುಗಿ ಅದನ್ನ ಸೇರ್ಕೊಳ್ಳುತ್ತೆ. ದಿಕ್ಕು ತಪ್ಪಿದ್ರೆ ಇನ್ನೂ ಬಿಗಿಯುತ್ತೆ, ಆದ್ರಿಂದ ಡಾಕ್ಟರ್ ಪರೀಕ್ಷೆ ಮಾಡದೆ ನೀವೇ ಹೊರಳಿಸ್ಬೇಡಿ. ನಿನ್ನೆ ಮಧ್ಯಾಹ್ನದಿಂದ ಅಂದ್ರೆ 30 ಗಂಟೆ ದಾಟಿದೆ. ತಡ ಆದಷ್ಟೂ ಗರ್ಭಕೋಶ ಸುತ್ತಮುತ್ತ ಅಂಟುತ್ತೆ, ಬಿಚ್ಚಿದ್ಮೇಲೂ ಬಾಯಿ ಪೂರ್ತಿ ಬಿಡಲ್ಲ, ರಕ್ತ ಸರಿಯಾಗಿ ಹರಿಯದೆ ಮೆತ್ತಗಾಗೋ ಕೆಲಸ ಅರ್ಧಕ್ಕೇ ನಿಂತಿರುತ್ತೆ. ಆಗ ಡಾಕ್ಟರ್ ಕ್ಯಾಲ್ಸಿಯಂ, ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್, ಪ್ರೊಸ್ಟಗ್ಲಾಂಡಿನ್ ಕೊಟ್ಟು ಕಾಯ್ಬಹುದು, ಇಲ್ಲಾ ಆಪರೇಷನ್. ಅದನ್ನ ನೋಡಿದವರೇ ತೀರ್ಮಾನ ಮಾಡ್ಬೇಕು. ಪಶು ಸಹಾಯವಾಣಿ 1962ಕ್ಕೆ ಈಗ್ಲೇ ಫೋನ್ ಮಾಡಿ. ಗಾಡಿ ಸಿಕ್ಕಿದ್ರೆ ಗದಗ ವೆಟರ್ನರಿ ಕಾಲೇಜಿಗೆ ಹೊರಡಿ, ಕರ್ಕೊಂಡು ಹೋಗೋ ಮೊದ್ಲು ಫೋನ್ ಮಾಡಿ ರಾತ್ರಿ ಯಾರಿದ್ದಾರೆ ಕೇಳಿ.

ಲಕ್ಷ್ಮೇಶ್ವರ ಎಮ್ಮಿ ಮನಿ: 1962 ಹಚ್ಚೇನ್ರಿ, ಗಾಡಿ ಬ್ಯಾರೆ ಕಡೆ ಹೋಗೈತಂತ, ಸ್ವಲ್ಪ ತಡಾ ಆಗ್ತೈತಿ ಅಂದ್ರು. ಟೆಂಪೋ ಕೇಳಾಕತ್ತೇವ್ರಿ.

ಡಾಕ್ಟರ್ ಮೇಡಂ: ಟೆಂಪೋ ತಗೊಳ್ಳಿ. ಕಾಯ್ಬೇಡಿ.

ಮಾಗಡಿ ಹಾಲು: ಆಕ್ಸಿಟೋಸಿನ್ ಅಷ್ಟು ಡೇಂಜರ್ ಅಂದ್ರೆ ನಾವು ಹಾಲು ಬಿಡ್ಲಿ ಅಂತ ದಿನಾ ಹಾಕ್ತೀವಲ್ಲ, ಏನೂ ಆಗಿಲ್ಲ. ಸುಮ್ನೆ ಹೆದರಿಸ್ಬೇಡಿ.

ಚನ್ನರಾಯಪಟ್ಟಣ ಡೈರಿ: ದಿನಾ ಹಾಕ್ತೀರಾ? ಅದನ್ನ ಇಲ್ಲಿ ಹೇಳ್ಕೊಳ್ಳೋಕೆ ನಾಚಿಕೆ ಆಗಲ್ವಾ?

ಮಾಗಡಿ ಹಾಲು: ನಿಮ್ ಡೈರೀಲಿ ಏನೇನ್ ನಡೆಯುತ್ತೆ ಗೊತ್ತು ಬಿಡಿ. ಕರು ಸತ್ತ ಹಸು ಹಾಲು ಬಿಡಲ್ಲ, ಸಾಲ ನೀವ್ ಕಟ್ತೀರಾ?

ಮೆಡಿಕಲ್ ಶಾಪ್ ತುಮಕೂರು: ಇದು ಚೀಟಿ ಇಲ್ದೆ ಮಾರೋ ಹಾಗಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿಯವರು ತಯಾರಿಸೋದೇ ಬೇಡ, ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಒಂದೇ ಮಾಡ್ಲಿ ಅಂತ ಆದೇಶ ಮಾಡಿತ್ತು, ಅದೇ ವರ್ಷ ಡಿಸೆಂಬರಲ್ಲಿ ದೆಹಲಿ ಹೈಕೋರ್ಟ್ ರದ್ದು ಮಾಡ್ತು. ಬಾಣಂತಿಯರಿಗೆ ರಕ್ತಸ್ರಾವ ತಡೆಯೋಕೆ ಬೇಕೇ ಬೇಕಾದ ಔಷಧಿ ಅದು.

ಮಾಗಡಿ ಹಾಲು: ಕೋರ್ಟೇ ರದ್ದು ಮಾಡಿದೆ ಅಂದ್ಮೇಲೆ ತಪ್ಪೇನು?

ಮೆಡಿಕಲ್ ಶಾಪ್ ತುಮಕೂರು: ತಯಾರಿಕೆ ನಿರ್ಬಂಧ ರದ್ದಾಗಿದ್ದು ಸ್ವಾಮಿ, ಹಸುಗೆ ದಿನಾ ಚುಚ್ಚೋಕೆ ಪರ್ಮಿಷನ್ ಕೊಟ್ಟಿದ್ದಲ್ಲ.

ಡಾಕ್ಟರ್ ಮೇಡಂ: ಮಾಗಡಿಯವರೇ, ದಿನಾ ಹಾಕೋದು ನಿಲ್ಲಿಸಿ. ಹಸು ಅದಿಲ್ದೆ ಹಾಲೇ ಬಿಡದ ಹಾಗೆ ಆಗುತ್ತೆ. ಈ ಜಗಳ ಬೇರೆ ಪೋಸ್ಟಲ್ಲಿ ಮಾಡ್ಕೊಳ್ಳಿ.

ಬೆಂಗಳೂರು ಪೆಟ್ ಲವರ್: ಮೇಡಂ ನಮ್ ಲ್ಯಾಬ್ರಡಾರ್ 64 ದಿನ ಆಯ್ತು, ಇನ್ನೂ ಮರಿ ಹಾಕಿಲ್ಲ, ಹಸಿರು ಬಣ್ಣದ ನೀರು ಬರ್ತಿದೆ ಪ್ಲೀಸ್ ಹೇಳಿ.

ಹಾಸನ ಹೈನು: ಮೇಡಂ ಸತ್ತೆ ಇನ್ನೂ ಬಿದ್ದಿಲ್ಲ, 7 ಗಂಟೆ ಆಯ್ತು.

ತಿಪಟೂರು ತೆಂಗು ಹಸು: ಮೇಡಂ ನಮ್ದೊಂದು ವಿಚಿತ್ರ ಕೇಸು. ಜರ್ಸಿ ಕ್ರಾಸ್, ಎರಡನೇ ಸೂಲು, ಇವತ್ತಿಗೆ 309 ದಿನ. ತಾರೀಖು ಕಾರ್ಡಲ್ಲಿದೆ, ಆಮೇಲೆ ಹೋರಿ ಹತ್ರ ಬಿಟ್ಟಿಲ್ಲ, ಮೂರು ತಿಂಗ್ಳಲ್ಲಿ ಗಬ್ಬ ಅಂತ ಡಾಕ್ಟ್ರೇ ನೋಡಿದ್ರು. ಹೊಟ್ಟೆ ದೊಡ್ಡದಾಗ್ತಾನೇ ಇದೆ, ಕೆಚ್ಚಲು ಮಾತ್ರ ಖಾಲಿ, ಬಾಲದ ಬುಡ ಗಟ್ಟಿ. ಹಸು ಆರಾಮಾಗಿ ಮೇಯ್ತಾ ಇದೆ.

ಡಾಕ್ಟರ್ ಮೇಡಂ: ತಾರೀಖು ಅಷ್ಟು ಗಟ್ಟಿ ಇದ್ರೆ ಇದು ನಿಜಕ್ಕೂ ನೋಡ್ಬೇಕಾದ ಕೇಸು. ಎಲ್ರೂ ತಾಯಿ ತಯಾರಾದಾಗ ಕರು ಹಾಕುತ್ತೆ ಅನ್ಕೊಂಡಿರ್ತಾರೆ. ಹಸು, ಕುರೀಲಿ ಶುರು ಮಾಡೋದು ಹೊಟ್ಟೇಲಿರೋ ಕರುನೇ. ಅದರ ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿ ಅದರದೇ ಅಡ್ರಿನಲ್ ಗ್ರಂಥಿಗೆ ಸಿಗ್ನಲ್ ಕೊಡುತ್ತೆ, ಕಾರ್ಟಿಸಾಲ್ ಏರುತ್ತೆ, ಆ ಕಾರ್ಟಿಸಾಲ್ ಸತ್ತೆಗೆ ತಲುಪಿದಾಗ ಅದು ಪ್ರೊಜೆಸ್ಟೆರಾನ್ ಬಿಟ್ಟು ಈಸ್ಟ್ರೋಜೆನ್ ಕಡೆ ತಿರುಗುತ್ತೆ, ಅಲ್ಲಿಂದ ಪ್ರೊಸ್ಟಗ್ಲಾಂಡಿನ್, ಅಲ್ಲಿಂದ ಬಾಯಿ ಮೆತ್ತಗಾಗೋದು, ಕೆಚ್ಚಲು ಬಿಡೋದು, ಕುಳಿ ಬೀಳೋದು ಎಲ್ಲಾ. ನ್ಯೂಜಿಲೆಂಡಿನ ಲಿಗಿನ್ಸ್ ಅನ್ನೋ ವೈದ್ಯರು 1960ರ ದಶಕದಲ್ಲಿ ಇದನ್ನ ಕುರೀಲಿ ತೋರಿಸಿದ್ರು, ಹೊಟ್ಟೆ ಒಳಗಿನ ಮರಿಯ ಪಿಟ್ಯುಟರಿ ನಾಶ ಮಾಡಿದ್ರೆ ತಾಯಿ ದಿನ ತುಂಬಿದ್ರೂ ಈಯೋದೇ ಇಲ್ಲ. ಅಮೆರಿಕದ ಐಡಹೊದಲ್ಲಿ ವೆರಾಟ್ರಮ್ ಅನ್ನೋ ಗಿಡ ಗಬ್ಬದ ಶುರುವಲ್ಲೇ ತಿಂದ ಕುರಿಗಳಿಗೂ ಇದೇ ಆಗ್ತಿತ್ತು, ಮರಿಗೆ ಒಂದೇ ಕಣ್ಣು, ಮುಖ ಮೆದುಳು ಸರಿಯಾಗಿ ಬೆಳೆದಿರ್ತಿರ್ಲಿಲ್ಲ, ತಾಯಿ ತಿಂಗಳುಗಟ್ಟಲೆ ಜಾಸ್ತಿ ಹೊತ್ಕೊಂಡಿರ್ತಿತ್ತು.

ಹಂಗಂತ ನಿಮ್ ಕರುಗೂ ಅದೇ ಅಂತ ಇಲ್ಲಿ ಕೂತು ಹೇಳಲ್ಲ. ಮೊದ್ಲು ಕರು ಜೀವಂತ ಇದ್ಯಾ, ಒಣಗಿದ್ಯಾ, ಹೊಟ್ಟೆ ದೊಡ್ಡದಾಗಿರೋದು ಕರುನಾ ಬರೀ ನೀರಾ, ಇದನ್ನ ಕೈ ಹಾಕಿ, ಆದ್ರೆ ಸ್ಕ್ಯಾನ್ ಮಾಡಿ ನೋಡ್ಬೇಕು. ಕರು ಬೆಳೀತಾನೇ ಹೋಗ್ತಿದ್ರೆ ಸಹಜವಾಗಿ ಬರೋದು ಕಷ್ಟ. ಡೆಕ್ಸಾಮೆಥಸೋನ್ ಕೊಟ್ರೆ ಅದು ಕರು ಕೊಡ್ಬೇಕಾಗಿದ್ದ ಕಾರ್ಟಿಸಾಲ್ ಬದಲು ನಿಂತು ಸರಪಳಿ ಶುರು ಮಾಡುತ್ತೆ, ಜೊತೆಗೆ ಪ್ರೊಸ್ಟಗ್ಲಾಂಡಿನ್ ಕೊಡ್ತಾರೆ, ಸಾಮಾನ್ಯವಾಗಿ ಎರಡು ಮೂರು ದಿನದೊಳಗೆ ನೋವು ಬರುತ್ತೆ. ಸತ್ತೆ ನಿಲ್ಲೋ ಸಾಧ್ಯತೆ ಬಹಳ, ಬಾಯಿ ಅರ್ಧಂಬರ್ಧ ಬಿಡೋದೂ ಇದೆ. ಆಪರೇಷನ್‌ಗೆ ತಯಾರಿರೋ ಕಡೆನೇ ಇದನ್ನ ಮಾಡಿಸಿ, ಬೆಂಗಳೂರು ಹೆಬ್ಬಾಳದ ವೆಟರ್ನರಿ ಕಾಲೇಜಿಗೋ ಹಾಸನದ ಕಾಲೇಜಿಗೋ ಕರ್ಕೊಂಡು ಹೋಗಿ. ಏನಾಯ್ತು ಅಂತ ನನಗೆ ತಿಳಿಸಿ, ನಿಜವಾಗ್ಲೂ ತಿಳ್ಕೊಳ್ಳೋ ಆಸೆ ಇದೆ.

ತಿಪಟೂರು ತೆಂಗು ಹಸು: ಆಗ್ಲಿ ಮೇಡಂ, ನಾಳೆನೇ ಹಾಸನಕ್ಕೆ ಹೋಗ್ತೀವಿ.

ಸದಸ್ಯ 41: ಮೇಡಂ ಬಿದಿರೆಲೇಲೂ ಹಾರ್ಮೋನ್ ಇರುತ್ತೆ ಅಂತ ಯೂಟ್ಯೂಬಲ್ಲಿ ಹೇಳಿದ್ದಾರೆ, ಎಣ್ಣೆ ಬಿಟ್ಟು ಬರೀ ಎಲೆ ತಿನ್ನಿಸ್ಬಹುದಾ?

ಡಾಕ್ಟರ್ ಮೇಡಂ: ಬಾಯಿ ಬಿಡ್ಲಿ ಅಂತ ತಿನ್ನಿಸಿ ಕಾಯ್ತಾ ಕೂರ್ಬೇಡಿ. ಇದೇ ಕೊನೆ ಸಲ ಹೇಳ್ತಿರೋದು.

ಮೂಡಿಗೆರೆ ಗಿಡ್ಡ: ಡಾಕ್ಟ್ರಿಗೆ ನಾಟಿ ಔಷಧಿ ಅಂದ್ರೆ ಅಷ್ಟು ಸಿಟ್ಟು ಯಾಕೆ? ರಾತ್ರಿ ಹೊತ್ತು ಫೋನ್ ಎತ್ತೋ ಡಾಕ್ಟ್ರು ಎಷ್ಟು ಜನ ಇದ್ದಾರೆ ನಮ್ ಕಡೆ? ಬರದೇ ಇದ್ರೆ ಅಜ್ಜಿ ಔಷಧೀನೇ ಗತಿ.

ಡಾಕ್ಟರ್ ಮೇಡಂ: ಡಾಕ್ಟ್ರು ಕಡಿಮೆ ಇದ್ದಾರೆ ಅನ್ನೋದು ನಿಜ, ನಾನೂ ಅದಕ್ಕೇ ರಾತ್ರಿ ಕೂತು ಬರೀತಿರೋದು. ಡಾಕ್ಟ್ರು ಸಿಗ್ಲಿಲ್ಲ ಅಂತ ಎಣ್ಣೆ ಶ್ವಾಸಕೋಶಕ್ಕೆ ಹೋಗೋದು ನಿಲ್ಲಲ್ಲ.

ಕೊಳ್ಳೇಗಾಲ ಮೇಕೆ: ಮೇಕೆಗೆ ನಾಲ್ಕು ತಿಂಗ್ಳು, ಹೀಟಿಗೆ ಬರ್ಲಿ ಅಂತ ತಪ್ಪಿ ಪ್ರೊಸ್ಟಗ್ಲಾಂಡಿನ್ ಹಾಕ್ಬಿಟ್ರು. ಮರಿ ಉಳಿಯುತ್ತಾ?

ಡಾಕ್ಟರ್ ಮೇಡಂ: ಕಷ್ಟ. ಮೇಕೆ ಗಬ್ಬ ಕೊನೇವರೆಗೂ ಕಾರ್ಪಸ್ ಲೂಟಿಯಂ ಮೇಲೇ ನಿಂತಿರುತ್ತೆ, ಅದು ಕರಗಿದ್ರೆ ಮರಿ ಹೋಗುತ್ತೆ. ಡಾಕ್ಟ್ರಿಗೆ ಇವತ್ತೇ ತೋರಿಸಿ. ಗಬ್ಬ ಇದ್ಯಾ ನೋಡದೆ ಯಾವ ಪ್ರಾಣಿಗೂ ಹಾಕ್ಬೇಡಿ.

ಕೆ.ಆರ್.ಪೇಟೆ ಹೈನುಗಾರ: ಮೇಡಂ ಇದೇ ಇಂಜೆಕ್ಷನ್ ನಾವೇ ತಂದು ಬೆದೆಗೆ ಹಾಕ್ತೀವಿ. ಇವತ್ತು ಬೆಳಿಗ್ಗೆ ನಮ್ ಮನೆಯವ್ರು ಸಿರಿಂಜಿಗೆ ತುಂಬೋವಾಗ ಕೈ ಮೇಲೆ ಚೆಲ್ಲಿಬಿಡ್ತು. ಒಂದ್ ಡೋಸ್ ವೇಸ್ಟ್ ಆಯ್ತು, ಮತ್ತೆ ಹಾಕೋಕೆ ಎಷ್ಟು ದಿನ ಬಿಡ್ಬೇಕು? ಅವರಿಗೀಗ ಐದು ತಿಂಗ್ಳು, ಬಗ್ಗೋಕಾಗಲ್ಲ, ಅದಕ್ಕೆ ನಾನೇ ಚುಚ್ಚಿದ್ದು.

ಡಾಕ್ಟರ್ ಮೇಡಂ: ಹಸು ವಿಷ್ಯ ಬಿಡಿ. ನಿಮ್ಮ ಮನೆಯವ್ರು ಬಸುರಿನಾ? ಐದು ತಿಂಗ್ಳು ಅಂದ್ರೆ ಬಸುರಿ ಅಂತ ತಾನೇ? ಈ ಔಷಧಿ ಚರ್ಮದ ಮೂಲಕನೇ ಮೈಗೆ ಸೇರುತ್ತೆ, ಹೆಂಗಸರಲ್ಲೂ ಗರ್ಭಕೋಶ ಹಿಂಡುತ್ತೆ, ಗರ್ಭಪಾತ ಆಗ್ಬಹುದು. ಚೆಲ್ಲಿದ ತಕ್ಷಣ ಸೋಪು ನೀರಲ್ಲಿ ತೊಳೆದ್ರಾ? ಹೊಟ್ಟೆ ಹಿಡ್ಕೊಳ್ಳೋದು, ಸೊಂಟ ನೋವು, ರಕ್ತ, ಉಸಿರು ಕಟ್ಟೋದು ಏನಾದ್ರೂ ಇದ್ಯಾ? ಇರ್ಲಿ ಬಿಡ್ಲಿ ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಬಾಟ್ಲಿ ಜೊತೇಲಿ ತಗೊಂಡು ಹೋಗಿ ಡಾಕ್ಟ್ರಿಗೆ ಹೆಸರು ತೋರಿಸಿ.

ಎಲ್ರಿಗೂ ಹೇಳ್ತಿದೀನಿ. ಬಸುರಿ ಹೆಂಗಸರು, ಬಸುರಿ ಇರ್ಬಹುದು ಅನ್ನೋರು, ಆಸ್ತಮಾ ಇರೋರು ಗಂಡಸಾಗ್ಲಿ ಹೆಂಗಸಾಗ್ಲಿ, ಪ್ರೊಸ್ಟಗ್ಲಾಂಡಿನ್ ಬಾಟ್ಲಿ ಮುಟ್ಟೋದೇ ಬೇಡ. ಬೇರೆಯವ್ರೂ ಗ್ಲೌಸ್ ಹಾಕ್ಕೊಳ್ಳಿ. ಅಡುಗೆ ಮನೆ ಫ್ರಿಜ್ಜಲ್ಲಿ ಇಡ್ಬೇಡಿ. ಡಾಕ್ಟ್ರು ಚೀಟಿ ಇಲ್ದೆ ಮನೆಗೆ ತರಲೇಬೇಡಿ.

ಕೆ.ಆರ್.ಪೇಟೆ ಹೈನುಗಾರ: ನೀರಲ್ಲಿ ತೊಳೆದಿದ್ರು ಸೋಪು ಹಾಕಿರ್ಲಿಲ್ಲ. ಸೊಂಟ ನೋವು ಅಂತ ಮಧ್ಯಾಹ್ನ ಮಲಗಿದ್ರು, ಕೆಲಸದ್ದು ಅನ್ಕೊಂಡೆ.

ಡಾಕ್ಟರ್ ಮೇಡಂ: ಟೈಪ್ ಮಾಡ್ತಾ ನಿಲ್ಬೇಡಿ, ಗಾಡಿ ತೆಗೀರಿ.

ಹಾಸನ ಹೈನು: ಮೇಡಂ 8 ಗಂಟೆ ಆಯ್ತು.

ಚನ್ನರಾಯಪಟ್ಟಣ ಡೈರಿ: ಸ್ವಾಮಿ 12 ಅಂದಿದ್ದಾರಲ್ಲ, ಓದೋಕೆ ಬರಲ್ವಾ?

ಹಾಸನ ಹೈನು: ನಿಮ್ಮನ್ನ ಕೇಳಿಲ್ಲ ನಾನು.

ಬೆಂಗಳೂರು ಪೆಟ್ ಲವರ್: ಯಾರಾದ್ರೂ ನನ್ ಪ್ರಶ್ನೆಗೆ ಉತ್ತರ ಕೊಡ್ತೀರಾ?

ಲಕ್ಷ್ಮೇಶ್ವರ ಎಮ್ಮಿ ಮನಿ: ಮೇಡಂ ಗದಗ ಮುಟ್ಟೇವ್ರಿ. ಕೈ ಹಾಕಿ ನೋಡಿದ್ರು, ಬಲಕ್ಕ ತಿರಿವೈತಿ ಅಂದ್ರು. ಎರಡು ಸಲ ಹೊಳ್ಳಿಸಿದ್ರು, ಬಿಚ್ಚೇತ್ರಿ. ಬಾಯಿ ನಾಕ ಬೆರಳಷ್ಟ ಐತಿ, ಇಂಜೆಕ್ಷನ್ ಮಾಡಿ ಬೆಳಗಿನ ತನಕಾ ನೋಡೋಣು ಅಂದಾರ. ಕರಾ ಜೀವಂತ ಇಲ್ಲ ಅನಸ್ತೈತಿ ಅಂದ್ರು.

ಡಾಕ್ಟರ್ ಮೇಡಂ: ಎಮ್ಮೆ ಉಳಿಸೋಣ ಈಗ. ನೀರು ಕುಡೀಲಿ, ಡ್ರಿಪ್ ಹಾಕಿದ್ರೆ ನಿಲ್ಲಿಸಬೇಡಿ. ಬಾಯಿ ಬಿಡದಿದ್ರೆ ಆಪರೇಷನ್ ಅಂದ್ರೆ ಒಪ್ಕೊಳ್ಳಿ, ಎಳೆಸೋಕೆ ಒತ್ತಾಯ ಮಾಡ್ಬೇಡಿ.

ಅಡ್ಮಿನ್: 10 ಗಂಟೆ ಆಯ್ತು, ಹೊಸ ಪ್ರಶ್ನೆ ಸಾಕು. ಕೆ.ಆರ್.ಪೇಟೆಯವರು ಆಸ್ಪತ್ರೆಯಿಂದ ಏನಂದ್ರು ಅಂತ ತಿಳಿಸಿ. ಸದಸ್ಯ 41 ಅವರ ಮೆಸೇಜ್ ಡಿಲೀಟ್ ಮಾಡಿದೀನಿ.

ಕೆ.ಆರ್.ಪೇಟೆ ಹೈನುಗಾರ: ಆಸ್ಪತ್ರೇಲಿದೀವಿ. ಸ್ಕ್ಯಾನ್ ಮಾಡಿದ್ರು, ಮಗು ಎದೆಬಡಿತ ಇದೆ ಅಂದ್ರು. ರಾತ್ರಿ ಇಲ್ಲೇ ಇರ್ಬೇಕಂತೆ.

ಡಾಕ್ಟರ್ ಮೇಡಂ: ಒಳ್ಳೇದಾಯ್ತು. ಅವರು ಹೇಳೋವರೆಗೂ ಮನೆಗೆ ಕರ್ಕೊಂಡು ಬರ್ಬೇಡಿ. ಲ್ಯಾಬ್ರಡಾರ್ ಪ್ರಶ್ನೆ ಈಗ ನೋಡ್ದೆ. ಹಸಿರು ನೀರು ಬಂದು ಮರಿ ಬಂದಿಲ್ಲ ಅಂದ್ರೆ ಎಮರ್ಜೆನ್ಸಿ, ಈ ಕ್ಷಣ ಕ್ಲಿನಿಕ್‌ಗೆ ಹೋಗಿ.